ದೊರೆಯ ಎಡಗಿವಿ

ಬೇಕರಿಯ ಹಿಟ್ಟು ನಾದುವ ಮೇಜಿನ ಕೆಳಗೆ ಬೆಕ್ಕು ಕಾಲು ಚಾಚಿ ಬಿದ್ದಿತ್ತು. ಕಣ್ಣು ತೆರೆದೇ ಇತ್ತು, ಆದರೆ ಅದರಲ್ಲಿ ನೋಟವಿರಲಿಲ್ಲ. ಬಾಯಂಚಿನಲ್ಲಿ ಜೊಲ್ಲು. ಹಿಂಗಾಲು ಆಗೊಮ್ಮೆ ಈಗೊಮ್ಮೆ ಅದುರುತ್ತಿತ್ತು.

"ತಲೆ ಹಿಡ್ಕೊಳ್ರೀ," ಎಂದಳು ನನ್ನ ಹೆಂಡತಿ.

ಅವಳು ಪಶುವೈದ್ಯೆ. ನಾನು ಪತ್ರಿಕೆಯೊಂದರಲ್ಲಿ ಅಚ್ಚಿನ ತಪ್ಪು ತಿದ್ದುವವನು. ಬೆಕ್ಕೆಂದರೆ ಮಾರು ದೂರ ನಿಲ್ಲುವವನು. ಆದರೂ ರಜೆ ಸಿಕ್ಕಿದ ದಿನ ಅವಳ ಸ್ಕೂಟರಿನ ಹಿಂದೆ ಔಷಧಿ ಚೀಲ ತಬ್ಬಿಕೊಂಡು ಕೂರುವ ಕೆಲಸ ನನಗೇ ಗಂಟುಬೀಳುತ್ತದೆ. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ಹಲ್ಲು ಕಚ್ಚಿಕೊಂಡು ಬೆಕ್ಕಿನ ತಲೆ ಹಿಡಿದೆ. ಅದರ ಎಡಗಿವಿಯ ಅಂಚಿನಲ್ಲಿ ಒಂದು ಪುಟ್ಟ ಇರುವೆ ಓಡಾಡುತ್ತಿತ್ತು. ಅಯ್ಯೋ ಪಾಪ, ಜೀವ ಹೋಗುವ ಮೊದಲೇ ಇರುವೆ ಬಂತಲ್ಲ ಅನ್ನಿಸಿ ಉಫ್ ಎಂದು ಊದಿ ಹಾರಿಸಿದೆ.

ನನ್ನ ಹೆಂಡತಿ ಬಲಗಿವಿಯ ಅಂಚನ್ನು ಒದ್ದೆ ಹತ್ತಿಯಿಂದ ಒರೆಸಿ, ಆರಿಸಿ, ಸೂಜಿಮೊನೆ ತಾಗಿಸಿದಳು. ಒಂದು ಹನಿ ರಕ್ತ ಬಂತು. ಅವಳ ಕೈಯಲ್ಲಿದ್ದ ಪುಟ್ಟ ಮೆಷಿನ್ ಮೂವತ್ತೆಂಟು ಎಂದು ತೋರಿಸಿತು.

"ಸಕ್ಕರೆ ಪೂರಾ ಇಳಿದುಹೋಗಿದೆ. ಗ್ಲೂಕೋಸ್ ಇದೆಯಾ?"

ಆಕೆ ಕೇಳಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗಿ ಪಕ್ಕದ ಕೇಕಿನ ಮೇಜಿನಿಂದ ಬಿಳಿ ಪುಡಿ ಬಾಚಿ ನೀರಿಗೆ ಕಲಸಿ ಬಟ್ಟಲು ಚಾಚಿದಳು. ನನ್ನ ಹೆಂಡತಿ ಆ ನೀರನ್ನು ಬೆರಳಿನಿಂದ ಬೆಕ್ಕಿನ ವಸಡಿಗೆ ಸವರಿದಳು. ಮತ್ತೆ ಸವರಿದಳು. ಎಷ್ಟೋ ಹೊತ್ತಿನ ಮೇಲೆ ಗುಲಾಬಿ ನಾಲಿಗೆ ಹೊರಬಂದು ತುಟಿ ನೆಕ್ಕಿತು. ಆಮೇಲೆ ಬೆಕ್ಕು ತಲೆಯೆತ್ತಿ, ಇಷ್ಟೊಂದು ಜನ ಯಾಕೆ ಸೇರಿದ್ದೀರಿ ಎನ್ನುವಂತೆ ನಮ್ಮನ್ನು ನೋಡಿತು.

"ಉಳೀತು," ಎಂದಳು ನನ್ನ ಹೆಂಡತಿ.

ಬೇಕರಿಯ ಯಜಮಾನರು ನೆಲದ ಮೇಲೆ ಕುಸಿದು ಕೂತು, ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ದೊಡ್ಡ ಆಳು, ಒಲೆಯ ಮುಂದೆ ನಿಂತು ನಿಂತು ಕಾದ ಮೈ. ಆ ಬೆಕ್ಕಿಗೆ 'ದೊರೆ' ಎಂದು ಹೆಸರಿಟ್ಟವರು ಅವರ ಹೆಂಡತಿ. ದೊರೆಗೆ ಸಕ್ಕರೆ ಕಾಯಿಲೆ ಅಂಟಿದ ಮೇಲೆ ಆಕೆಯೇ ಬೆಳಿಗ್ಗೆ ಸಂಜೆ ಕಿವಿಯ ಹನಿ ನೋಡಿ, ಊಟ ಹಾಕಿ, ಕುತ್ತಿಗೆಯ ಸಡಿಲ ಚರ್ಮಕ್ಕೆ ಇನ್ಸುಲಿನ್ ಚುಚ್ಚುತ್ತಿದ್ದರು. ಅವರು ತೀರಿಕೊಳ್ಳುವ ಮುಂಚೆ ಗಂಡನ ಕೈ ಹಿಡಿದು ಹೇಳಿದ್ದು ಒಂದೇ ಮಾತಂತೆ, ಇದರ ಸೂಜಿ ತಪ್ಪಿಸಬೇಡಿ ಎಂದು. ಯಜಮಾನರು ಒಂದು ಹೊತ್ತೂ ತಪ್ಪಿಸಿರಲಿಲ್ಲ.

ಅವರು ಎದ್ದು ನಿಂತರು. ಮುಖ ಒರೆಸಿಕೊಂಡರು. ಬಟ್ಟಲು ಹಿಡಿದಿದ್ದ ಹುಡುಗಿಯ ಕಡೆ ಬೆರಳು ತೋರಿಸಿದರು.

"ಡಾಕ್ಟ್ರೇ, ಇದು ತಾನಾಗಿ ಆಗಿದ್ದಲ್ಲ. ನನ್ನ ಸೊಸೆ ಮಾಡಿದ್ದು."

ಹುಡುಗಿ ತಲೆ ತಗ್ಗಿಸಲಿಲ್ಲ. ಅಳಲೂ ಇಲ್ಲ. ಆಗ ನನ್ನ ಕಣ್ಣಿಗೆ ಬಿದ್ದದ್ದು ಬಾಗಿಲ ಬಳಿಯ ಚೀಲಗಳು, ಎರಡೂ ಬಾಯಿ ಬಿಗಿದು ಸಿದ್ಧವಾಗಿದ್ದವು. ಪಕ್ಕದಲ್ಲಿ ನಿಂತಿದ್ದ ಯಜಮಾನರ ತಂಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಬೆಕ್ಕು ಬಿದ್ದದ್ದು ನೋಡಿದ ಕೂಡಲೇ ಅಣ್ಣ ಕೂಗಾಡಿದನಂತೆ, ದೀಪ ಹಚ್ಚುವ ಹೊತ್ತಿಗೆ ಸೊಸೆ ಈ ಮನೆಯಲ್ಲಿ ಇರಕೂಡದು ಎಂದು. ಮಗ ಅಪ್ಪನಿಗೆ ಎದುರಾಡಲಾರದೆ, ಹೆಂಡತಿಯನ್ನು ಬಿಡಲೂ ಆರದೆ, ಮುಖ ಊದಿಸಿಕೊಂಡು ಬಾಡಿಗೆ ಕೋಣೆ ಹುಡುಕಲು ಹೋಗಿದ್ದ.

"ಸೊಸೆ ಮಾಡಿದ್ದು ಅಂತ ಹೇಗೆ ಹೇಳ್ತೀರಿ?" ಎಂದಳು ನನ್ನ ಹೆಂಡತಿ.

ಯಜಮಾನರು ಒಂದೇ ಉಸಿರಿಗೆ ಎಲ್ಲ ಹೇಳಿದರು. ಇವಳು ಈ ಮನೆಗೆ ಕಾಲಿಟ್ಟಾಗಿನಿಂದ ದೊರೆಯ ಸಕ್ಕರೆ ಏರುತ್ತಲೇ ಇದೆ. ಅಂದರೆ ಕದ್ದುಮುಚ್ಚಿ ಸಿಹಿ ಹಾಕುತ್ತಿದ್ದಾಳೆ. ಬಂದ ಹೊಸತರಲ್ಲೇ ಬೆಕ್ಕು ಅವಳ ಕೈ ಪರಚಿತ್ತು. ಬೇಕರಿಯೊಳಗೆ ಬೆಕ್ಕು ಬೇಡ, ಕೇಕಿಗೆ ಕೂದಲು ಬೀಳುತ್ತದೆ ಎಂದು ತಗಾದೆ ತೆಗೆದವಳೂ ಅವಳೇ. ಇವತ್ತು ಬೆಳಿಗ್ಗೆ ಅವಳ ಕೈಯಲ್ಲಿ ಸಿರಿಂಜ್ ಇದ್ದದ್ದನ್ನು ಅವರೇ ಕಣ್ಣಾರೆ ಕಂಡಿದ್ದರು.

"ಬೆಳಿಗ್ಗೆ ಸಕ್ಕರೆ ನಾನೂರರ ಮೇಲಿತ್ತು. ನೀವು ಫೋನಲ್ಲಿ ಹೇಳಿದಷ್ಟೇ ಹಾಕಿದೆ, ಸಿರಿಂಜಿನ ಒಂದು ಗೀಟೂ ಜಾಸ್ತಿ ಇಲ್ಲ. ಅಷ್ಟಕ್ಕೇ ನಾನೂರರಿಂದ ಮೂವತ್ತೆಂಟಕ್ಕೆ ಇಳಿಯತ್ತಾ? ಇನ್ನೊಬ್ಬರು ಮತ್ತೆ ಚುಚ್ಚಿರಲೇಬೇಕು."

ಲೆಕ್ಕ ಸರಿಯಾಗಿಯೇ ಇತ್ತು. ನಿಜ ಹೇಳುತ್ತೇನೆ, ಹುಡುಗಿಯ ಮೇಲೆ ನನಗೂ ಅನುಮಾನ ಬಂತು.

"ಸಿರಿಂಜ್ ಹಿಡಿದಿದ್ದು ನಿಜಾನಮ್ಮಾ?"

"ನಿಜ. ನೆಲದ ಮೇಲೆ ಬಿದ್ದಿತ್ತು. ಯಾರಾದ್ರೂ ತುಳಿದಾರು ಅಂತ ಎತ್ತಿ ಡಬ್ಬಕ್ಕೆ ಹಾಕ್ದೆ."

"ಬೆಕ್ಕು ಬೇಡ ಅಂದಿದ್ದು?"

"ಬೇಕರಿ ಒಳಗೆ ಬೇಡ ಅಂದೆ. ಮನೇಲಿ ಬೇಡ ಅನ್ನಲಿಲ್ಲ."

"ಇದರ ಸಕ್ಕರೆ ನೀನು ಯಾವತ್ತಾದ್ರೂ ನೋಡಿದ್ದೀಯಾ?"

ಹುಡುಗಿ ಮಾವನ ಕಡೆ ಒಮ್ಮೆ ನೋಡಿದಳು. "ಒಂದೇ ಸಲ. ಮಾವ ಮದುವೆ ಕೇಕು ತಲುಪಿಸೋಕೆ ಹೋಗಿದ್ರು, ಬರೋದು ತಡ ಆಯ್ತು. ನೂರ ಇಪ್ಪತ್ತು ಬಂತು. ಆಮೇಲೆ ಮಾವ ಬಂದು ತಾವೇ ನೋಡಿದ್ರು. ಮುನ್ನೂರು ದಾಟಿತ್ತು."

"ಅವಳಿಗೆ ಮೆಷಿನ್ ಹಿಡಿಯೋಕೇ ಬರಲ್ಲ," ಎಂದರು ಯಜಮಾನರು.

ನನ್ನ ಹೆಂಡತಿ ಹುಬ್ಬು ಗಂಟಿಕ್ಕಿದಳು. ಹೀಗೆ ಗಂಟಿಕ್ಕಿದಳೆಂದರೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಇಷ್ಟು ವರ್ಷದ ಸಂಸಾರ ಕಲಿಸಿದ ಪಾಠ ಅದು. ಅವಳು ನೇರ ಯಜಮಾನರ ತಂಗಿಯ ಬಳಿ ಹೋದಳು. ಬೆಕ್ಕಿನ ನೀರಿನ ಬಟ್ಟಲು, ಅದು ಉಚ್ಚೆ ಹೊಯ್ಯುವ ಮರಳಿನ ಟ್ರೇ, ಎರಡೂ ಅವರ ಉಸ್ತುವಾರಿ.

"ಈಗೀಗ ನೀರು ಎಷ್ಟು ಕುಡಿಯತ್ತಮ್ಮಾ?"

ಅವರಿಗೆ ಈ ಪ್ರಶ್ನೆ ವಿಚಿತ್ರವೆನ್ನಿಸಿರಬೇಕು. ಸ್ವಲ್ಪ ಯೋಚಿಸಿ, ಕಾಯಿಲೆ ಶುರುವಾದಾಗ ಬಟ್ಟಲು ಬಟ್ಟಲೇ ಖಾಲಿ ಮಾಡುತ್ತಿತ್ತು, ಟ್ರೇಯಲ್ಲಿ ಕೆರೆ ನಿಲ್ಲುತ್ತಿತ್ತು, ಈಗ ಹಾಕಿದ ನೀರು ಹಾಗೇ ಇರುತ್ತದೆ, ಮರಳೂ ಬೇಗ ಹಾಳಾಗುವುದಿಲ್ಲ ಎಂದರು. ಸಿಹಿ ತಿನ್ನುತ್ತದೆಯೇ ಎಂದು ಕೇಳಿದ್ದಕ್ಕೆ ನಕ್ಕೇಬಿಟ್ಟರು.

"ಹುಟ್ಟಿದ್ದೇ ಬೇಕರೀಲಿ. ಸಕ್ಕರೆ ಮೂಸಿನೂ ನೋಡಲ್ಲ."

"ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತೇ ಆಗಲ್ಲ," ಎಂದಳು ನನ್ನ ಹೆಂಡತಿ, ಯಾರಿಗೂ ಹೇಳದವಳಂತೆ.

ಆಮೇಲೆ ಕೇಕಿನ ಮೇಜಿನ ಮುಂದೆ ಹೋಗಿ ನಿಂತಳು. ಮೂರಂತಸ್ತಿನ ಕೇಕು ಅರ್ಧ ಸಿಂಗಾರವಾಗಿ ಕೂತಿತ್ತು. ಕಿಟಕಿಯಿಂದ ಬಿದ್ದ ಇಳಿಬಿಸಿಲಿನಲ್ಲಿ ಬಿಳಿ ಧೂಳು ತೇಲುತ್ತಿತ್ತು. ಕೇಕಿನ ಹೂವಿಗೆ ಈ ಪುಡಿ ಯಾಕೆ ಎಂದು ಕೇಳಿದಳು. ಮಾಮೂಲಿ ಸಕ್ಕರೆ ಪುಡಿ ತೇವಕ್ಕೆ ಕರಗುತ್ತದೆ, ಗ್ಲೂಕೋಸ್ ಪುಡಿ ಅಷ್ಟು ಬೇಗ ಕರಗುವುದಿಲ್ಲ, ಅದಕ್ಕೇ ಕೊನೆಯಲ್ಲಿ ಇದನ್ನು ಉದುರಿಸುತ್ತೇವೆ ಎಂದರು ಯಜಮಾನರು. ಕೆಲಸದ ಮಾತು ಬಂದಾಗ ಅವರ ದನಿಗೆ ಸ್ವಲ್ಪ ಜೀವ ಬಂತು.

"ಈ ಕೆಲಸ ಮೊದಲಿನಿಂದಲೂ ನಿಮ್ಮದೇನಾ?"

"ಇಲ್ಲ, ಮಗಂದು. ಮದುವೆ ಆದ್ಮೇಲೆ ಅವನು ಅಂಗಡಿ ಅಂಗಡಿಗೆ ಮಾಲು ಹಾಕೋಕೆ ಹೊರಟ. ಹೂವಿನ ಕೆಲಸ ನನ್ನ ತಲೆಗೆ ಬಂತು."

ಹೊತ್ತು ಮುಳುಗಿ ಹೊರಗೆ ಬೀದಿದೀಪ ಹತ್ತಿತು. ಅದೇ ಹೊತ್ತಿಗೆ ಮಗ ಬಂದ. ಕೋಣೆ ಸಿಕ್ಕಿದೆ ಎಂದ, ನೆಲ ನೋಡುತ್ತಾ. ಸೊಸೆ ಚೀಲಗಳನ್ನು ಎತ್ತಿಕೊಂಡಳು. ಅವನ ಸೋದರತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಯಜಮಾನರು ಗೋಡೆಯ ಕಡೆ ತಿರುಗಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ, ಏನಾದರೂ ಮಾಡೇ ಎಂದು ಹೆಂಡತಿಯ ಮೊಣಕೈ ತಿವಿದೆ.

"ಯಾರೂ ಹೊಸ್ತಿಲು ದಾಟಬೇಡಿ," ಎಂದಳು ಅವಳು. "ಯಜಮಾನ್ರೇ, ಸಂಜೆ ಸಕ್ಕರೆ ನೋಡೋ ಹೊತ್ತಾಯ್ತಲ್ಲ? ದಿನಾ ಹೇಗೆ ನೋಡ್ತೀರೋ ಹಾಗೇ ನೋಡಿ. ಏನೂ ಬಿಡಬೇಡಿ, ಏನೂ ಸೇರಿಸಬೇಡಿ."

ಅವರು ನಲ್ಲಿಯ ಕೆಳಗೆ ಸೋಪು ಹಚ್ಚಿ ಕೈ ತೊಳೆದರು. ಉಗುರಿನ ಸಂದನ್ನೂ ಬಿಡಲಿಲ್ಲ. ಹೆಗಲ ಮೇಲಿನ ಟವೆಲಿನಲ್ಲಿ ಕೈ ಒರೆಸಿಕೊಂಡರು. ದೊರೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಎಡಗಿವಿಯನ್ನು ಬೆರಳುಗಳ ನಡುವೆ ಹಿಡಿದು ಬೆಚ್ಚಗಾಗುವ ತನಕ ತಿಕ್ಕಿದರು. ನಾಜೂಕಾಗಿ ಚುಚ್ಚಿದರು. ಹನಿಯನ್ನು ಮೆಷಿನ್ನಿನ ಪಟ್ಟಿಗೆ ತಾಗಿಸಿದರು.

ನಾನೂರ ಹನ್ನೆರಡು.

"ನೋಡಿದ್ರಾ!" ಅವರ ದನಿ ಒಡೆಯಿತು. "ನೀವಿರೋವಾಗ್ಲೇ ಮತ್ತೆ ಏರಿದೆ." ಅವರ ಕೈ ಆಗಲೇ ಫ್ರಿಜ್ಜಿನ ಬಾಗಿಲಿಗೆ ಹೋಗಿತ್ತು. ಇನ್ಸುಲಿನ್ ಸೀಸೆ ಬೆರಳಿಗೆ ಸಿಕ್ಕಿತ್ತು.

"ಅದನ್ನ ಮುಟ್ಟಬೇಡಿ. ಈಗ ಒಂದು ಗೀಟು ಹಾಕಿದ್ರೂ ಬೆಕ್ಕು ಉಳಿಯಲ್ಲ."

ಅವಳು ಆ ಮೆಷಿನ್ನನ್ನೇ ಇಸಿದುಕೊಂಡು ಹೊಸ ಪಟ್ಟಿ ಸಿಕ್ಕಿಸಿದಳು. ಈ ಸಲ ಬಲಗಿವಿ. ಒದ್ದೆ ಹತ್ತಿ, ಒಣ ಹತ್ತಿ, ಒಂದು ಹನಿ.

ನೂರ ನಾಲ್ಕು.

ಬೆಕ್ಕು ಒಂದೇ, ಮೆಷಿನ್ನೂ ಒಂದೇ. ಒಂದು ಕಿವಿಯಲ್ಲಿ ನಾನೂರು, ಇನ್ನೊಂದರಲ್ಲಿ ನೂರು! ನನ್ನ ಹೆಂಡತಿ ಎಡಗಿವಿಯನ್ನೂ ಹಾಗೇ ಒದ್ದೆ ಹತ್ತಿಯಿಂದ ಚೆನ್ನಾಗಿ ಒರೆಸಿ, ಆರಿಸಿ, ಮತ್ತೊಮ್ಮೆ ನೋಡಿದಳು. ನೂರ ಆರು. ದೊರೆ ಗುರ್ ಎಂದಿತು. ಅದರ ತಾಳ್ಮೆಯೂ ಮುಗಿದಿತ್ತು.

"ರೀ, ಆಗ ಇದರ ಕಿವಿ ಮೇಲಿಂದ ಏನನ್ನೋ ಊದಿದ್ರಲ್ಲ, ಏನದು?"

"ಇರುವೆ," ಎಂದೆ. ಹೇಳಿದ ಮೇಲೆಯೇ ನನ್ನ ತಲೆಗೆ ಹೋಯಿತು. ಜೀವನವಿಡೀ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವ ನಾನು ಕಣ್ಣೆದುರಿನ ಸಾಕ್ಷಿಯನ್ನು ಕೈಯಾರೆ ಊದಿ ಹಾರಿಸಿದ್ದೆ.

"ಬೆಕ್ಕಿನ ಕಿವಿಗೆ ಇರುವೆ ಯಾಕೆ ಬರಬೇಕು?" ಎಂದು ಅವಳು ಯಜಮಾನರ ಹೆಗಲಿನಿಂದ ಟವೆಲ್ ತೆಗೆದು ದೀಪದ ಕೆಳಗೆ ಒಮ್ಮೆ ಕೊಡವಿದಳು. ಬಿಳಿ ಧೂಳು ಎದ್ದಿತು. ಮಡಿಕೆಯಿಂದ ಎರಡು ಇರುವೆ ಉದುರಿದವು.

ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಇಡೀ ದಿನ ಗ್ಲೂಕೋಸ್ ಪುಡಿಯ ನಡುವೆ ಇರುವ ಟವೆಲ್ ಇದು. ಕೈ ಎಷ್ಟೇ ತೊಳೆದರೂ ಒರೆಸುವುದು ಇದರಲ್ಲೇ. ಆ ಕೈಯಿಂದ ಕಿವಿ ತಿಕ್ಕಿದಾಗ ಕಣ್ಣಿಗೆ ಕಾಣದಷ್ಟು ಪುಡಿ ಅಲ್ಲಿ ಅಂಟುತ್ತದೆ, ರಕ್ತದ ಹನಿಗೆ ಸೇರುತ್ತದೆ. ಮೆಷಿನ್ ಅಳೆಯುವುದೂ ಗ್ಲೂಕೋಸನ್ನೇ; ಅದು ಒಳಗಿನದೋ ಹೊರಗಿನದೋ ಅದಕ್ಕೆ ತಿಳಿಯದು. ಸೊಸೆಯ ಕೈಗೆ ಪುಡಿ ಅಂಟಿರಲಿಲ್ಲ, ಅದಕ್ಕೇ ಅವಳಿಗೆ ನಿಜವಾದ ಅಂಕಿ ಬಂತು. ಸಕ್ಕರೆ ನಿಜಕ್ಕೂ ನಾನೂರಿದ್ದಿದ್ದರೆ ದೊರೆ ಬಟ್ಟಲುಗಟ್ಟಲೆ ನೀರು ಕುಡಿಯಬೇಕಿತ್ತು, ಟ್ರೇಯಲ್ಲಿ ಮತ್ತೆ ಕೆರೆ ನಿಲ್ಲಬೇಕಿತ್ತು. ಇಲ್ಲದ ಸಕ್ಕರೆಗೆ ದಿನದಿನಕ್ಕೂ ಇನ್ಸುಲಿನ್ ಏರಿತು, ಇವತ್ತು ದೊರೆ ಬಿತ್ತು.

"ಎರಡನೇ ಸಲ ಯಾರೂ ಚುಚ್ಚಿಲ್ಲ, ಯಜಮಾನ್ರೇ. ಮನೆಗೆ ಸೊಸೆ ಬಂದಿದ್ದೂ, ಪುಡಿ ಕೆಲಸ ನಿಮ್ಮ ಕೈಗೆ ಬಂದಿದ್ದೂ ಒಂದೇ ಸಲ. ನೀವು ಸೊಸೆಯನ್ನ ಮಾತ್ರ ನೋಡಿದ್ರಿ. ಬೆಕ್ಕನ್ನ ಬೀಳಿಸಿದ್ದು ನಿಮ್ಮ ಕೈ." ಅವಳು ಟವೆಲನ್ನು ಮೇಜಿನ ಮೇಲಿಟ್ಟಳು. "ನನ್ನ ಕೈಯೂ ಸೇರಿದೆ. ನೀವು ಹೇಳಿದ ಅಂಕಿ ನಂಬಿ ಫೋನಲ್ಲೇ ಡೋಸ್ ಏರಿಸಿದವಳು ನಾನು. ಬಂದು ನೋಡಬೇಕಿತ್ತು, ನೋಡಲಿಲ್ಲ."

ಯಜಮಾನರು ತಮ್ಮ ಎರಡೂ ಅಂಗೈಗಳನ್ನು ದೀಪಕ್ಕೆ ಹಿಡಿದು ನೋಡಿಕೊಂಡರು. ಹೆಂಡತಿಗೆ ಮಾತು ಕೊಟ್ಟ ಕೈ ಅದು. ಮಗ ಒಂದು ಹೆಜ್ಜೆ ಮುಂದಿಟ್ಟ. ಅವರು ಬೇಡವೆಂದು ತಲೆಯಾಡಿಸಿದರು. ಸೊಸೆ ಇನ್ನೂ ಬಾಗಿಲ ಬಳಿಯೇ ನಿಂತಿದ್ದಳು, ಚೀಲಗಳು ಕೈಯಲ್ಲೇ ಇದ್ದವು. ಅವರು ಅವಳ ಎದುರಿಗೆ ಹೋಗಿ ನಿಂತರು. ಮದುವೆಯಾಗಿ ಬಂದಾಗಿನಿಂದ ಅವಳನ್ನು ಅವರು ಬಾಯ್ತುಂಬ ಕರೆದದ್ದೇ ಇಲ್ಲವೆಂದು ಅವರ ತಂಗಿ ಆಮೇಲೆ ನನಗೆ ಹೇಳಿದರು.

"ನನ್ನಿಂದ ತಪ್ಪಾಯ್ತು ಮಗಳೇ," ಎಂದರು. "ದೊರೆ ಸಾಯೋ ಹಾಗೆ ಮಾಡಿದ್ದು ನಾನು, ಅಪವಾದ ಹೊರಿಸಿದ್ದು ನಿನ್ನ ಮೇಲೆ. ಅದನ್ನ ಉಳಿಸೋಕೆ ಮೊದಲು ಓಡಿ ಬಂದವಳೂ ನೀನೇ. ಇನ್ಮೇಲೆ ದೊರೆ ಕಿವಿ ನೀನೇ ನೋಡು. ನಾನು ಬರೀ ಸೂಜಿ ಹಾಕ್ತೀನಿ. ಅದೂ ನೀನು ಹೂಂ ಅಂದ್ರೆ."

ಅವಳು ಅಷ್ಟು ಹೊತ್ತು ಬಿಗಿಹಿಡಿದಿದ್ದ ಅಳು ಆಗ ಬಂತು. ಅಳುತ್ತಲೇ ಮಾವನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. "ಮೊದಲು ಕೈ ತೊಳ್ಕೊಳ್ಳಿ ಮಾವ," ಎಂದಳು. ಅವರು ತೊಳೆದು, ಅಭ್ಯಾಸಬಲದಿಂದ ಹೆಗಲಿಗೆ ಕೈ ಹಾಕಿದರು. ಅಲ್ಲಿ ಟವೆಲ್ ಇರಲಿಲ್ಲ. ಒದ್ದೆ ಕೈ ಚಾಚಿಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತರು.

ಸೊಸೆ ನೆಲದ ಮೇಲೆ ಕೂತು, ಬಿಗಿದಿದ್ದ ಚೀಲವನ್ನು ಬಿಚ್ಚಿದಳು. ಮಡಿಸಿಟ್ಟ ಸೀರೆಗಳನ್ನು ಒಂದೊಂದಾಗಿ ಹೊರಗಿಟ್ಟು, ಅಡಿಯಲ್ಲಿದ್ದ ತನ್ನ ಒಗೆದ ಟವೆಲನ್ನು ತೆಗೆದು ಮಾವನಿಗೆ ಕೊಟ್ಟಳು. ಅವರು ಕೈ ಒರೆಸಿಕೊಳ್ಳುವಷ್ಟರಲ್ಲಿ ದೊರೆ ಬಂದು ಆ ಸೀರೆಗಳ ಮೇಲೆ ಮಲಗಿತು. ಅದನ್ನು ಯಾರೂ ಎಬ್ಬಿಸಲಿಲ್ಲ.