‘ಸಾವಕಾಶ’ ಹಾಡಿನ ಹುಡುಗಿ

“ಏನ್ರೀ, ಇದು ಹಾಡೋ, ಜಗಳೋ?”

ಶೈಲಶ್ರೀ ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳಿದ್ದೇ ತಡ, ಡ್ರಮ್ಸ್ ನಿಂತಿತು. ಗದಗಿನಿಂದ ಬಂದು ಬಿಟಿಎಂ ಲೇಔಟಿನ ಆ ಮನೆಯ ಮಹಡಿ ರೂಮನ್ನು ಬಾಡಿಗೆಗೆ ಹಿಡಿದು ವಾರವಷ್ಟೇ ಆಗಿತ್ತು. ಜಯನಗರದ ಆಫೀಸಿನಲ್ಲಿ ವಾರವಿಡೀ ದುಡಿದವಳಿಗೆ ಭಾನುವಾರ ಮಧ್ಯಾಹ್ನವಾದರೂ ನಿದ್ದೆ ಬೇಕಿತ್ತು.

ಮೈಕ್ ಹಿಡಿದಿದ್ದವನು ಮನೆಯೊಡತಿ ಸೊಣ್ಣಮ್ಮನ ಮಗ ದಿನೇಶ್. “ರಾಕ್ ಮೇಡಂ. ಇದು ಹೀಗೇ ಇರತ್ತೆ.”

“ಸಾವಕಾಶ ಹಾಡಾಕ ಬರೂದಿಲ್ಲೇನ್ರಿ?”

“ಸಾವಕಾಶ ಅಂದ್ರೆ?”

“ನಿಧಾನ. ಕೇಳವ್ರ ಎದಿಗೆ ಮುಟ್ಟೂ ಹಂಗ.”

ಡ್ರಮ್ಸ್ ಬಾರಿಸುತ್ತಿದ್ದ ತಿರುಮಲೇಶ ಕಿಸಕ್ಕನೆ ನಕ್ಕ. ದಿನೇಶ್ ನಗಲಿಲ್ಲ. ಅವಳು ಮೆಟ್ಟಿಲು ಹತ್ತಿ ಮರೆಯಾಗುವವರೆಗೂ ನೋಡುತ್ತಲೇ ಇದ್ದ.

ಮುಂದಿನ ಭಾನುವಾರ ಕೆಳಗಿನಿಂದ ಒಂದೇ ಒಂದು ಗಿಟಾರು ಮೆಲ್ಲಗೆ ಕೇಳಿಬಂತು. ಶೈಲಶ್ರೀ ಮೆಟ್ಟಿಲ ಮೇಲೆ ಬಂದು ಕೂತಳು. ಅವನು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. ನಡುನಡುವೆ ಒಂದು ಕಣ್ಣು ತೆರೆದು, ಅವಳು ಕೂತಿದ್ದಾಳೋ ಇಲ್ಲವೋ ಎಂದು ಕದ್ದು ನೋಡುತ್ತಿದ್ದ. ಸಿಕ್ಕಿಬಿದ್ದರೆ ತಾಳ ತಪ್ಪುತ್ತಿತ್ತು. ಆಮೇಲಿನ ಭಾನುವಾರಗಳೆಲ್ಲ ಹೀಗೇ ಕಳೆದವು.

ಸೊಣ್ಣಮ್ಮ ಇದನ್ನೆಲ್ಲ ಗಮನಿಸಿದ್ದಳು. ಮಗನಿಗೆ ತನ್ನ ತಮ್ಮನ ಮಗಳನ್ನು ತರಬೇಕೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದವಳು ಅವಳು.

ಅಷ್ಟರಲ್ಲಿ, ಅಪ್ಪ ಬಿದ್ದು ಸೊಂಟ ಮುರಿದುಕೊಂಡರೆಂದು ಗದಗಿನಿಂದ ಫೋನು ಬಂತು. ದಿನೇಶ್ ಅಂದು ಮೈಸೂರಿನಲ್ಲಿ ಶೋ ಕೊಡುತ್ತಿದ್ದ. ಶೈಲಶ್ರೀ ಬ್ಯಾಗು ಹಿಡಿದು ಸೊಣ್ಣಮ್ಮನ ಮುಂದೆ ನಿಂತಳು. “ಅಪ್ಪಗ ಆರಾಮಾದ ಕೂಡ್ಲೆ ಬರ್ತೀನ್ರಿ ಅಮ್ಮಾರ. ಅವರಿಗೂ ಹೇಳ್ರಿ.”

“ಹೇಳ್ತೀನಿ, ಹೋಗ್ಬಾಮ್ಮ.”

ಅವನ ನಂಬರನ್ನು ಅವಳು ಕೇಳಿಟ್ಟುಕೊಂಡಿರಲಿಲ್ಲ; ಊರಿನಿಂದ ಮನೆಗೆ ಫೋನು ಮಾಡಿದಾಗಲೆಲ್ಲ ಸೊಣ್ಣಮ್ಮನೇ ಎತ್ತುತ್ತಿದ್ದಳು. “ಅವ್ನು ಊರಲ್ಲಿಲ್ಲ ಕಣಮ್ಮ.” ಶೈಲಶ್ರೀಗೆ ಅರ್ಥವಾಗದೆ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಅಪ್ಪನನ್ನು ನೋಡಿಕೊಂಡಳು. ತಿಂಗಳುಗಳು ಕಳೆದು ಅವರು ಮತ್ತೆ ನಡೆದಾಡುವಂತಾದ ಮೇಲೆಯೇ ಬೆಂಗಳೂರಿನ ರೈಲು ಹತ್ತಿದ್ದು.

ಬನಶಂಕರಿ ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಎಫ್‌ಎಂನಲ್ಲಿ ಆ ದನಿ ಕೇಳಿಸಿತು.

‘ಸಾವಕಾಶ ಹಾಡು ಅಂದವಳೇ, ಅವಸರದಲಿ ಯಾರ ಕೈ ಹಿಡಿದೆ...’

“ಸಖತ್ ಹಿಟ್ ಸಾಂಗ್ ಅಕ್ಕ,” ಎಂದ ಬೇಕರಿಯವನು. “ಯಾವ್ಳೋ ಕೈ ಕೊಟ್ಟು ಬೇರೆಯವ್ನ ಮದ್ವೆ ಆದ್ಲಂತೆ.”

ಶೈಲಶ್ರೀಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಗ್ಲಾಸು ಕೆಳಗಿಟ್ಟು ನೇರ ಬಿಟಿಎಂ ಬಸ್ಸು ಹತ್ತಿದಳು.

ಗ್ಯಾರೇಜಿನಲ್ಲಿ ಪ್ರಾಕ್ಟೀಸು ನಡೆದಿತ್ತು. ಅವಳನ್ನು ಕಂಡು ದಿನೇಶ್ ಮೈಕು ಹಿಡಿದಲ್ಲೇ ಮರಗಟ್ಟಿ ನಿಂತ.

“ನನ್ನ ಮದುವಿ ಆಗೇತಿ ಅಂತ ಯಾರ್ ಹೇಳಿದ್ರಿ ನಿಮಗ?”

ಅವನ ಕಣ್ಣು ಬಾಗಿಲಲ್ಲಿ ನಿಂತಿದ್ದ ತಾಯಿಯತ್ತ ಹೊರಳಿತು. ಸೊಣ್ಣಮ್ಮ ಸೆರಗು ಹಿಂಡುತ್ತ ತಲೆ ತಗ್ಗಿಸಿದಳು. “ನಾನೇ ಹೇಳ್ದೆ.”

ಶೈಲಶ್ರೀ ಅವಳತ್ತ ತಿರುಗಿದಳು. “ನಿಮ್ಮ ಮ್ಯಾಲೆ ಜಗಳಕ್ಕ ಬಂದಿಲ್ರಿ ಅಮ್ಮಾರ. ಆದ್ರ ಇವರನ್ನ ಬಿಟ್ಟು ನಾ ಯಾರನ್ನೂ ಆಗೂದಿಲ್ಲ. ಇವರೂ ಹಂಗ ಅಂದ್ರ, ನೀವು ಒಪ್ಪೂತನಕಾ ಕಾಯ್ತೀನಿ.”

“ನಾನೂ ಅಷ್ಟೆ,” ಎಂದ ದಿನೇಶ್. “ಆದ್ರೆ ನೀವು ಬಿಟ್ಟು ಹೋದ್ರಿ ಅಂತ ಇಡೀ ಬೆಂಗಳೂರಿಗೇ ಹೇಳ್ಬಿಟ್ಟೆನಲ್ಲ!”

“ಹಂಗಾದ್ರ ಖರೇ ಏನಂತ ತಿರುಗಿ ಹೇಳ್ರಿ.”

“ಮಗಾ, ಹಿಟ್ ಆಗಿರೋ ಪದ ಮುಟ್ಬೇಡ,” ತಿರುಮಲೇಶ ಬಡಬಡಿಸಿದ. “ಜನ ಉಗೀತಾರೆ.”

“ಉಗೀಲಿ.”

ಆ ಶನಿವಾರ ಸಂಜೆ ಜಯನಗರದ ಮೈದಾನ ಕಿಕ್ಕಿರಿದಿತ್ತು. ‘ಯಾರ ಕೈ ಹಿಡಿದೆ’ ಎಂದು ಜನ ಒಟ್ಟಾಗಿ ಹಾಡತೊಡಗಿದಾಗ ದಿನೇಶ್ ಗಿಟಾರು ನಿಲ್ಲಿಸಿದ.

“ಈ ಸಾಲು ತಪ್ಪು. ನಾನು ಸರಿಯಾಗಿ ಕೇಳದೆ ಬರೆದಿದ್ದು. ಅವಳು ಯಾರ ಕೈನೂ ಹಿಡೀಲಿಲ್ಲ. ಇಲ್ಲೇ ಇದ್ದಾಳೆ.”

ಮೊದಲು ಗುಸುಗುಸು, ಆಮೇಲೆ ಶಿಳ್ಳೆ. ಜನ ವೇದಿಕೆಯತ್ತ ನುಗ್ಗಿದ ರಭಸಕ್ಕೆ ಶೈಲಶ್ರೀ ಮುಗ್ಗರಿಸಿದಳು. ಪಕ್ಕದಿಂದ ಒರಟು ಕೈಯೊಂದು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

“ಬಿಡಬೇಡ ಕಣೆ,” ಎಂದಳು ಸೊಣ್ಣಮ್ಮ, ವೇದಿಕೆಯಿಂದ ಕಣ್ಣು ಕೀಳದೆ. “ಹಾಡು ಮುಗೀಲಿ. ಆಮೇಲೆ ನಿಮ್ಮಪ್ಪನ ನಂಬರ್ ಕೊಡು.”