ಕಸಿ ಕಟ್ಟಿದ ಕನ್ನಡ

ನುಡಿಕಸಿ ಯಂತ್ರದ ಹಸಿರು ದೀಪ ಹೊತ್ತಿಕೊಂಡಿತು. ಪಟ್ಟಿಯನ್ನು ಹಣೆಗೆ ಬಿಗಿದುಕೊಂಡು ಕುಳಿತಿದ್ದ ಒಡಿಶಾದ ನರ್ಸ್ ಝರಣಾ ಕಣ್ಣು ತೆರೆದಳು. "ತಲೆನೋವಿಗೆ ಕಾರಣ ಸಿಕ್ಕಿತೇ ಡಾಕ್ಟರ್?" ಎಂದು ಕನ್ನಡದಲ್ಲೇ ಕೇಳಿದಳು.

"ಯಂತ್ರದಲ್ಲಿ ದೋಷವಿಲ್ಲ," ಎಂದರು ಅದನ್ನು ರೂಪಿಸಿದ ಡಾ. ನಸೀಮಾ.

ಮಾವಿಗೆ ಕಸಿ ಕಟ್ಟುವಂತೆ, ಒಬ್ಬರ ಭಾಷಾಸ್ಮೃತಿಯ ಪ್ರತಿಯನ್ನು ಇನ್ನೊಬ್ಬರ ಮಿದುಳಿಗೆ ಜೋಡಿಸುವ ಯಂತ್ರವದು. ಶಬ್ದ ದಾಟುತ್ತದೆ, ನೆನಪು ದಾಟದು ಎಂದೇ ವಿಜ್ಞಾನಿಗಳು ನಂಬಿದ್ದರು. ನುಡಿದಾನಿ ಒಪ್ಪಿಗೆ ಹಿಂಪಡೆದರೆ ಕಸಿಯನ್ನು ಅಳಿಸಲೇಬೇಕೆಂಬುದು ನಿಯಮ.

ಅದೇ ನಿಯಮದ ಅರ್ಜಿ ಹಿಡಿದು ಅಂಬುಜಾಕ್ಷಿ ಒಳಗೆ ಬಂದರು. ಝರಣಾಳಿಗೆ ಕನ್ನಡ ಕೊಟ್ಟವರು ಅವರೇ. ಮೂವತ್ತು ವರ್ಷ ಕವಿತೆ ಬರೆದಿದ್ದರು. ಐದು ಸಂಕಲನಗಳು ಮಂಚದ ಕೆಳಗಿದ್ದವು. ಝರಣಾಳಿಗೆ ಕನ್ನಡ ಬಂದು ಎರಡೇ ವರ್ಷ. ಕಳೆದ ವಾರದ ಕವಿಗೋಷ್ಠಿಯಲ್ಲಿ ಅವಳ ಕವಿತೆಗೆ ಸಭೆಯೇ ಎದ್ದು ನಿಂತಿತ್ತು. ಮುಂದಿನ ಸಾಲಿನಲ್ಲಿದ್ದ ಅಂಬುಜಾಕ್ಷಿ ಸೆರಗು ಸರಿಪಡಿಸುವ ನೆಪದಲ್ಲಿ ಚಪ್ಪಾಳೆ ತಪ್ಪಿಸಿದ್ದರು.

"ಅಳಿಸಿಬಿಡಿ ಡಾಕ್ಟ್ರೇ. ಮಾತು ನನ್ನದು, ಹಾರ ಅವಳಿಗೆ!"

ಝರಣಾ ಹಣೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಆಗಲಿ ಮೇಡಂ. ಅವು ನಿಮ್ಮ ಮಾತುಗಳೇ ಎಂದು ಮೊದಲು ನೋಡೋಣ," ಎಂದು ನಸೀಮಾ ಪರದೆಯ ಮೇಲೆ ಝರಣಾಳ ಕವಿತೆಯ ಬೇರುಪಟ ತೆರೆದರು. ಯಾವ ಮಾತು ದಾನಿಯ ಬದುಕಿನ ಯಾವ ಗಳಿಗೆಯಿಂದ ಬಂದಿತೆಂದು ಅದು ತೋರಿಸುತ್ತದೆ.

"ಎಲ್ಲ ನನ್ನ ಸಂಕಲನದ್ದೇ. ಹುಡುಕಿ!"

ಆ ಕವಿತೆಗೆ ಸಂಕಲನಗಳಿಂದ ಒಂದು ಸಾಲೂ ಬಂದಿರಲಿಲ್ಲ. 'ಇನ್ನೊಂದೇ ಚೊಂಬು', 'ಕಣ್ಣು ಮುಚ್ಚು ಬಂಗಾರಿ', 'ಆಯ್ತು, ಆಯ್ತು, ಮುಗಿದೇ ಹೋಯ್ತು' — ಎಲ್ಲವೂ ಇಪ್ಪತ್ತೆಂಟು ವರ್ಷದ ಹಿಂದೆ, ಬಚ್ಚಲಿನಲ್ಲಿ ಮಗಳಿಗೆ ಎಣ್ಣೆನೀರು ಎರೆಯುವಾಗ ಆಡಿದವು.

"ಇದನ್ನೆಲ್ಲ ಯಾರಾದರೂ ಕವಿತೆಗೆ ಹಾಕ್ತಾರೇನೇ ಹುಡುಗಿ?" ಅಂಬುಜಾಕ್ಷಿಯವರ ದನಿ ಕುಗ್ಗಿತು.

"ನನಗೆ ಅಮ್ಮ ನೀರೆರೆದ ನೆನಪಿಲ್ಲ ಮೇಡಂ. ಕನ್ನಡ ಬಂದ ಮೇಲೆ ಯಾರೋ ನೆತ್ತಿ ತಟ್ಟಿದ ಹಾಗಾಗುತ್ತದೆ. ಅದನ್ನೇ ಬರೆದೆ."

ತಲೆನೋವಿಗೆ ಹಣೆ ಒತ್ತಿಕೊಳ್ಳುತ್ತಿದ್ದ ಝರಣಾಳ ಕಡೆಗೆ ಅಂಬುಜಾಕ್ಷಿ ಪರದೆಯಿಂದ ತಿರುಗಿದರು.

"ತಲೆನೋವು ಯಾವತ್ತಿನಿಂದ?"

"ಗೋಷ್ಠಿಯ ದಿನದಿಂದ."

"ಯಂತ್ರಕ್ಕೆ ಅದು ಹೇಗೆ ಗೊತ್ತಾಗುತ್ತೆ! ಡಾಕ್ಟ್ರೇ, ಒಂದು ಹಿಡಿ ಉಪ್ಪು ಸಿಗುತ್ತಾ?"

ನಸೀಮಾ ಕಪಾಟಿನಿಂದ ಸೋಡಿಯಂ ಕ್ಲೋರೈಡ್ ಸೀಸೆ ತೆಗೆದರು. "ಅಡುಗೆಯದಲ್ಲ. ನಡೆಯುತ್ತದೆಯೇ?"

"ಉಪ್ಪು ಉಪ್ಪೇ."

ಮುಷ್ಟಿಯಲ್ಲಿ ಉಪ್ಪು ಹಿಡಿದು, ಅಂಬುಜಾಕ್ಷಿ ಝರಣಾಳಿಗೆ ನಿವಾಳಿಸಿದರು. "ಕಂಡವರ ಕಣ್ಣು, ಕೇಳಿದವರ ಕಣ್ಣು..." ಮೂರನೆಯ ಸುತ್ತಿಗೆ ದನಿ ತಗ್ಗಿಸಿ, "ಈ ಅಂಬುಜಾಕ್ಷಿಯ ಕಣ್ಣು," ಎಂದು ಸೇರಿಸಿದರು.

ಆಮೇಲೆ ಆ ಉಪ್ಪನ್ನು ಕಟ್ಟಲು ಬೇರೆ ಕಾಗದ ಹುಡುಕದೆ, ತಂದಿದ್ದ ಅರ್ಜಿಯಲ್ಲೇ ಪೊಟ್ಟಣ ಕಟ್ಟಿ ನಸೀಮಾರ ಕೈಗಿತ್ತರು.

"ನೀರಿಗೆ ಹಾಕಿಬಿಡಿ. ತಿರುಗಿ ನೋಡಬೇಡಿ."