ಬೆನ್ನ ಹಿಂದೆ ಒಂಬತ್ತು ಕ್ಲಿಪ್ಪು

"ಉಸಿರು ಬಿಡಿ ಮೇಡಂ! ಹೀಗೆ ಬಿಗಿ ಹಿಡ್ಕೊಂಡು ಹವಾಮಾನ ಹೇಳೋಕಾಗುತ್ತಾ?"

"ಬಿಟ್ಟರೆ ಗುಂಡಿ ಕಿತ್ತು ನಿಮ್ಮ ಕಣ್ಣಿಗೇ ಬಡಿಯುತ್ತೆ!"

ಟೈಲರ್ ಹಲ್ಲಿನ ನಡುವೆ ಕಚ್ಚಿಕೊಂಡಿದ್ದ ಪಿನ್ನುಗಳನ್ನು ತೆಗೆದ. "ಈ ಕೋಟು ನಿಮಗಾಗಲ್ಲ ಬಿಡಿ."

ಟಿವಿ ಚಾನೆಲ್ಲಿನಲ್ಲಿ ಹವಾಮಾನ ಹೇಳುವ ಕೆಲಸಕ್ಕೆ ಅವಳು ಸೇರಿದ ಮೊದಲ ದಿನವದು. ಬಟ್ಟೆಕೋಣೆಗೆ ಕಾಲಿಟ್ಟಾಗ ಎದೆ ಝಲ್ಲೆನಿಸಿದ್ದು ಅವನ ಇದೇ ಕಣ್ಣುಗಳನ್ನು ಕಂಡು... ಈಗ ಅವೇ ತನ್ನ ಸೊಂಟ ಅಳೆದು ತೀರ್ಪು ಕೊಟ್ಟುಬಿಟ್ಟವಲ್ಲ!

ಅವತ್ತಿನ ಕಾರ್ಯಕ್ರಮ ಫೋನುಗಳಲ್ಲಿ ಓಡಾಡಿತು. ಕೆಳಗೆ ಯಾರೋ ಬರೆದಿದ್ದ: "ಮೋಡ ಎಲ್ಲಿದೆಯೋ ಕಾಣಲೇ ಇಲ್ಲ, ನಕ್ಷೆಗೆ ಅಕ್ಕನೇ ಅಡ್ಡ!" ಅದರ ಕೆಳಗೆ ಸಾಲುಸಾಲು ನಗುವ ಮುಖಗಳು.

ಮರುದಿನ ಟೈಲರ್ ಹೊಸ ಕೋಟು ಹಿಡಿದು ನಿಂತಿದ್ದ. ಅವಳು ಮುಟ್ಟಿಯೂ ನೋಡಲಿಲ್ಲ.

"ದಪ್ಪಗಿರೋರಿಗೆ ಅಂತ ಬೇರೆ ಹೊಲಿದ್ರಾ? ಬೇಡ. ನಾನೇ ಆ ಕೋಟಿಗೆ ಸರಿಹೋಗ್ತೀನಿ!"

ಅವನು ಹೊಸ ಕೋಟನ್ನು ಕವರಿನೊಳಗೆ ಹಾಕಿ ತೂಗುಹಾಕಿದ. ಸೂಜಿಯಷ್ಟು ಸರಾಗವಾಗಿ ಅವನಿಗೆ ಮಾತು ಓಡುತ್ತಿರಲಿಲ್ಲ.

ಆಮೇಲೆ ಶುರುವಾಯಿತು. ತೆಳ್ಳಗಾಗುವ ವಿಡಿಯೋ ಒಂದನ್ನು ಒಮ್ಮೆ ನೋಡಿದ್ದೇ ನೆಪ, ಫೋನು ಅಂಥದ್ದನ್ನೇ ತಂದು ಸುರಿಯತೊಡಗಿತು. ಮೂಳೆ ಎದ್ದು ಕಾಣುವ ಹುಡುಗಿಯರು, ಹತ್ತೇ ದಿನದಲ್ಲಿ ಕರಗಿದ ಸೊಂಟಗಳು... ಬೆರಳು ನಿಲ್ಲಿಸಿದರೂ ಅವು ನಿಲ್ಲುತ್ತಿರಲಿಲ್ಲ.

"ತಟ್ಟೆ ಮುಂದೆ ಕೂತು ಧ್ಯಾನ ಮಾಡ್ತಿದ್ದೀಯೇನೇ?" ಅಮ್ಮ ಗದರುತ್ತಿದ್ದಳು.

"ಆಫೀಸಲ್ಲಿ ತಿಂದೆ ಅಮ್ಮ."

ಆಫೀಸಿನಲ್ಲಿ ಕೇಳಿದರೆ, "ಮನೇಲೇ ಆಯ್ತು."

ಎರಡನೇ ತಿಂಗಳು ಕೋಟು ಸರಿಹೋಯಿತು. ಮೂರನೆಯದಕ್ಕೆ ಜೋತಾಡತೊಡಗಿತು. ಟೈಲರ್ ಬೆನ್ನ ಹಿಂದೆ ಕಪ್ಪು ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಿದ್ದ. ಎರಡು... ನಾಲ್ಕು... ಏಳು. ಕ್ಯಾಮೆರಾ ಬೆನ್ನು ನೋಡುವುದಿಲ್ಲ. "ಈಗ ನೋಡಿ, ಏನು ಕಳೆ ಬಂದಿದೆ!" ಎಂದರು ಚಾನೆಲ್ ಮುಖ್ಯಸ್ಥರು.

ಅವಳು ಕ್ಲಿಪ್ಪುಗಳನ್ನು ಪದಕದ ಹಾಗೆ ಎಣಿಸುತ್ತಿದ್ದಳು. ಅವನು ಮಾತ್ರ ಕನ್ನಡಿಯತ್ತ ನೋಡದೆ ಕ್ಲಿಪ್ಪು ಹಾಕುತ್ತಿದ್ದ. *ಇವಳು ಸವೆಯೋದನ್ನ ಮುಚ್ಚಿಡ್ತಿರೋನು ನಾನೇ ಅಲ್ವಾ...*

ಒಂದು ಮಧ್ಯಾಹ್ನ ಒಂಬತ್ತನೇ ಕ್ಲಿಪ್ಪು ಹಾಕಿದವನು, ಒಂದೊಂದಾಗಿ ಎಲ್ಲವನ್ನೂ ಕಿತ್ತುಬಿಟ್ಟ.

"ಏನ್ ಮಾಡ್ತಿದ್ದೀರಾ! ಐದು ನಿಮಿಷಕ್ಕೆ ಲೈವ್!"

"ನನ್ನ ಕೈಲಿ ಇನ್ನು ಆಗಲ್ಲ."

"ನನ್ನ ಕೆಲಸ ಹೋಗುತ್ತೆ!"

"ನೀವೇ ಹೋಗ್ತಿದ್ದೀರಲ್ರೀ!"

ಅವಳ ಸಿಟ್ಟು ನೆತ್ತಿಗೇರಿತು. "ದಪ್ಪ ಅಂತ ಮೊದಲು ಅಳೆದೋರು ನೀವು! ಈಗ ತೆಳ್ಳಗಾದ್ರೂ ತಪ್ಪಾ? ನಿಮಗೆಲ್ಲ ಸಾಕು ಅನಿಸೋಕೆ ನಾನು ಎಷ್ಟು ಕರಗಬೇಕು ಹೇಳಿ!"

ಅವನು ದಂಗಾದ. "ದಪ್ಪ ಅಂದೆನಾ ನಾನು? ಅದು ನಿಮಗಿಂತ ಹಿಂದೆ ಹವಾಮಾನ ಹೇಳ್ತಿದ್ದೋರಿಗೆ ಹೊಲಿದ ಕೋಟು! ಅವರು ನಿಮ್ಮ ಭುಜಕ್ಕೂ ಬರ್ತಿರಲಿಲ್ಲ. ಅವತ್ತೇ ಹೇಳಬೇಕಿತ್ತು. ನಿಮ್ಮ ಮುಂದೆ ನಿಂತರೆ ನಾಲಿಗೆ ಹೊರಳಲ್ಲ, ಅದಕ್ಕೇ ನಿಮ್ಮ ಅಳತೆಗೇ ಹೊಸದು ಹೊಲಿದು ತಂದೆ..."

ಹಿಂದಿನವಳ ಕೋಟು! ಇಷ್ಟು ದಿನ ಉಪವಾಸ ಬಿದ್ದದ್ದು ಇನ್ಯಾರದೋ ಅಳತೆಗೆ!

ಅವಳು ಗೋಡೆ ಹಿಡಿದು ನಿಂತಳು. ಅವನು ಸ್ಟೂಲು ಎಳೆದು ಕೂರಿಸಿದ. ಹೊರಗೆ ಅವಳನ್ನು ಕೂಗುತ್ತಿದ್ದರು. ಅವಳು ಏಳಲಿಲ್ಲ.

"ದಿನಾ ಹಸಿವಾಗುತ್ತೆ," ಎಂದಳು, ಮೊದಲ ಸಲ. "ತಿನ್ನೋಕೆ ಭಯ ಆಗುತ್ತೆ..."

"ಡಾಕ್ಟರ್ ಹತ್ರ ಹೋಗೋಣ. ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ."

ಕೂತ. ನಾಲ್ಕು ತಿಂಗಳು, ವಾರಕ್ಕೊಮ್ಮೆ. ಕಥೆಗಳಲ್ಲಿ ಆಗುವಂತೆ ಒಂದೇ ದಿನಕ್ಕೆ ಏನೂ ಸರಿಹೋಗಲಿಲ್ಲ. ಒಂದು ಒಳ್ಳೆ ದಿನಕ್ಕೆ ಮೂರು ಕೆಟ್ಟ ದಿನ. ಅಮ್ಮ ಕೊಟ್ಟ ತಟ್ಟೆಯನ್ನು ಒಮ್ಮೆ ಗೋಡೆಗೆ ಎಸೆದಳು, ಆಮೇಲೆ ಅಮ್ಮನ ಮಡಿಲಲ್ಲೇ ಅತ್ತಳು. ಫೋನಿನ ಆ ಆ್ಯಪನ್ನು ಅಳಿಸಿದಳು, ಮತ್ತೆ ಹಾಕಿದಳು, ಮತ್ತೆ ಅಳಿಸಿದಳು.

ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ, ಕವರಿನೊಳಗೇ ಉಳಿದಿದ್ದ, ಅವನು ಅವಳಿಗೆಂದೇ ಹೊಲಿದ ಕೋಟನ್ನು ತಾನೇ ತೆಗೆದು ತೊಟ್ಟಳು. ಬೆನ್ನಲ್ಲಿ ಇನ್ನೂ ಸಡಿಲ. ಅಭ್ಯಾಸಬಲದಿಂದ ಕ್ಲಿಪ್ಪಿನ ಡಬ್ಬಿಗೆ ಹೋದ ಅವನ ಕೈ, ಮುಚ್ಚಳ ಹಾಕಿ ಹಿಂದೆ ಬಂತು.

"ಜೋತಾಡ್ತಿದೆ..." ಎಂದಳು.

"ಇರಲಿ. ಕೋಟು ಕಾಯುತ್ತೆ."

"ಕೋಟು ಮಾತ್ರನಾ?"

ಅವನ ಕಿವಿ ಕೆಂಪಾಯಿತು. "ಹೊಲಿದೋನೂ... ಮೊದಲ ದಿನದಿಂದ."

ಅವಳ ಕಣ್ಣು ತುಂಬಿತು. "ಮುಂದೆ ಇದೂ ಬಿಗಿಯಾದ್ರೆ?"

"ಹೊಲಿಗೆಯೊಳಗೆ ಎರಡಿಂಚು ಬಟ್ಟೆ ಬಿಟ್ಟೇ ಹೊಲಿದಿದ್ದೀನಿ. ಈಗಲಾದ್ರೂ ಉಸಿರು ಬಿಡಿ ಮೇಡಂ!"

"ಮೊದಲು ನೀವು ಆ ಮೇಡಂ ಅನ್ನೋದನ್ನ ಬಿಡಿ!"